ಏಳನೇ ಸೀಸೆ: ಅರವತ್ತಮೂರು ಗ್ರಾಂ

ಬಿರಡೆ ಅಲ್ಲಾಡಲಿಲ್ಲ.

ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನ ಸಹಾಯಕಿ ಲ್ಯಾಬಕ್ಕ ಸೀಸೆಯ ಕತ್ತನ್ನು ಎಡಗೈಯಲ್ಲಿ ಭದ್ರವಾಗಿ ಹಿಡಿದು, ಗಾಜಿನ ಬಿರಡೆಯನ್ನು ಇನ್ನೊಮ್ಮೆ ತಿರುವಿ ನೋಡಿದಳು. ಊಹೂಂ. ಸೀಸೆಗೂ ಬಿರಡೆಗೂ ಬೆಸುಗೆ ಹಾಕಿದ ಹಾಗಿತ್ತು.

"ಹತ್ತೊಂಬತ್ತು ವರ್ಷದಿಂದ ಇದೇ ಕೆಲಸ ಅಂದ್ರಿ," ಎದುರಿನ ಎತ್ತರದ ಸ್ಟೂಲಿನ ಮೇಲೆ ಕೂತಿದ್ದ ಪೊಲೀಸ್ ಇನ್ಸ್‌ಪೆಕ್ಟರಮ್ಮ ಮೂಗು ಒರೆಸಿಕೊಂಡರು. ಅವರಿಗೆ ನಾಲ್ಕು ದಿನದಿಂದ ನೆಗಡಿ. "ಒಂದು ಸೀಸೆ ಬಾಯಿ ತೆಗೆಯೋದಕ್ಕೆ ಆಗ್ತಿಲ್ವಾ?"

"ಬಿಗಿಯಾಗಿದೆ ಮೇಡಂ."

"ಅದು ನನಗೂ ಕಾಣ್ತಿದೆ. ಯಾಕೆ ಬಿಗಿಯಾಗಿದೆ?"

ಯಾಕೆ ಅನ್ನುವುದು ಲ್ಯಾಬಕ್ಕನಿಗೆ ಗೊತ್ತಿತ್ತು.

ಸೀಸೆಯ ಮೇಲೆ 'ಆಕ್ಸಾಲಿಕ್ ಆಸಿಡ್' ಎಂಬ ಲೇಬಲ್ಲು. ಅಕ್ಷರ ಅವಳದೇ. ಆದರೆ ಆಸಿಡ್ ತುಂಬಿದ ಸೀಸೆಯ ಬಿರಡೆ ಹೀಗೆ ಕಚ್ಚಿಕೊಳ್ಳುವುದಿಲ್ಲ. ಕಚ್ಚಿಕೊಳ್ಳುವುದು ಕಾಸ್ಟಿಕ್ ಸೋಡಾ. ಅದು ಗಾಜನ್ನೇ ಒಂದಿಷ್ಟು ತಿಂದು, ಬಿರಡೆಯ ಸಂದಿಯಲ್ಲಿ ಗಟ್ಟಿಯಾಗಿ ಕೂತುಬಿಡುತ್ತದೆ. ಅದಕ್ಕೇ ಅದನ್ನು ರಬ್ಬರಿನ ಬಿರಡೆ ಹಾಕಿ ಇಡಬೇಕು. ಹೊಸದಾಗಿ ಲ್ಯಾಬಿಗೆ ಬಂದವರಿಗೆಲ್ಲ ಅವಳು ಮೊದಲು ಕಲಿಸುತ್ತಿದ್ದ ಪಾಠ ಅದು.

ನಾಲ್ಕು ದಿನದ ಹಿಂದೆ ಇಂಥದೇ ಲೇಬಲ್ಲಿನ ಸೀಸೆಯಿಂದ ಏಳನೇ ಮೇಜಿನ ಹುಡುಗಿ ಪಿಪೆಟ್ಟಿನ ಗಾಜಿನ ಕೊಳವೆಗೆ ಬಾಯಿಟ್ಟು ದ್ರಾವಣ ಎಳೆದಿದ್ದಳು; ಈಗ ನಾಲಿಗೆ, ಗಂಟಲು ಸುಟ್ಟುಕೊಂಡು ಆಸ್ಪತ್ರೆಯಲ್ಲಿ ಮಾತಿಲ್ಲದೆ ಮಲಗಿದ್ದಳು. ಈ ಎರಡನೇ ಸೀಸೆ ಇವತ್ತು ಬೆಳಗ್ಗೆ ಸ್ಟೋರಿನ ಹಿಂದಿನ ಸಾಲಿನಲ್ಲಿ, ಖಾಲಿ ರಟ್ಟಿನ ಡಬ್ಬಿಗಳ ಮರೆಯಲ್ಲಿ ಸಿಕ್ಕಿತ್ತು. ಸಿಕ್ಕಿದ್ದು ಇನ್ಸ್‌ಪೆಕ್ಟರಮ್ಮನ ಕೈಗೇ.

ಒಂದು ಸೀಸೆಯಾದರೆ ಕೈತಪ್ಪು ಅನ್ನಬಹುದು. ಎರಡಕ್ಕೆ ಏನನ್ನುವುದು? ಬಾಯಿಬಿಟ್ಟರೆ ಇದು ಯಾರೋ ಕೂತು, ಅಳೆದು, ತುಂಬಿಟ್ಟ ವಿಷವಾಗುತ್ತದೆ. ಸ್ಟೋರಿನ ಬೀಗದ ಕೈ ಇರುವುದು ಮೂರು. ಒಂದು ಅವಳ ಸೊಂಟದಲ್ಲಿ. ಒಂದು ವಿಭಾಗದ ಮುಖ್ಯಸ್ಥರಾದ ಮೇಷ್ಟ್ರ ಹತ್ತಿರ. ಇನ್ನೊಂದು ಅವಳ ತಮ್ಮನ ಜೇಬಿನಲ್ಲಿ.

"ಧೂಳು ಕೂತಿರ್ಬೇಕು ಮೇಡಂ," ಅಂದಳು.

"ಧೂಳು," ಇನ್ಸ್‌ಪೆಕ್ಟರಮ್ಮ ನಿಧಾನವಾಗಿ ಬರೆದುಕೊಂಡರು. "ಬೆರಳಚ್ಚು ಒಂದೂ ಇಲ್ಲ. ಒರೆಸಿ ಇಟ್ಟ ಹಾಗಿದೆ."

"ಲ್ಯಾಬಿನ ಸೀಸೆ ಎಲ್ಲಾನೂ ಒರೆಸೇ ಇಡೋದು ಮೇಡಂ."

"ಸರಿ, ಅದಕ್ಕೂ ಒಂದು ಉತ್ತರ ಇದೆ."

ಹಿಂದೆ ಸಿಂಕಿನ ಹತ್ತಿರ ಠಣ್ ಎಂದು ಸದ್ದಾಯಿತು. ಬ್ಯುರೆಟ್ಟಿನ ಉದ್ದ ಕೊಳವೆ ತೊಳೆಯುತ್ತಿದ್ದ ತಮ್ಮನ ಕೈಯಿಂದ ಬ್ರಶ್ಶು ಜಾರಿ ಬಿದ್ದಿತ್ತು. ಅವನು ಬಗ್ಗಿ ಎತ್ತಿಕೊಳ್ಳಲಿಲ್ಲ. ಸೀಸೆಯನ್ನೇ ನೋಡುತ್ತ ನಿಂತಿದ್ದ. ಮುಖದಲ್ಲಿ ರಕ್ತವಿರಲಿಲ್ಲ.

ತಾಯಿ ತೀರಿಕೊಂಡಾಗ ಅವನಿಗೆ ಆರು ವರ್ಷ. ಅಂದಿನಿಂದ ಅವನ ಅಂಗಿಗೆ ಗುಂಡಿ ಹಾಕಿದವಳು, ಪರೀಕ್ಷೆಗೆ ಎಬ್ಬಿಸಿದವಳು, ಜ್ವರ ಬಂದಾಗ ಹಣೆಗೆ ಬಟ್ಟೆ ಹಾಕಿದವಳು ಇವಳೇ. ಎರಡು ವರ್ಷದ ಹಿಂದೆ ಅವನು ಇದೇ ಲ್ಯಾಬಿಗೆ ಡೆಮಾನ್‌ಸ್ಟ್ರೇಟರ್ ಆಗಿ ಬಂದಾಗ ವಿದ್ಯಾರ್ಥಿಗಳ ಎದುರು ಅವನನ್ನು 'ಸರ್' ಅನ್ನುವಾಗಲೆಲ್ಲ ಅವಳಿಗೆ ನಗು ತಡೆಯುವುದೇ ಕಷ್ಟವಾಗುತ್ತಿತ್ತು. ಮನೆಯಲ್ಲಿ ಅವನು ಇಂದಿಗೂ 'ಏ ಕೋತಿ'ಯೇ.

ಆ ಕೋತಿ ಇವತ್ತು ಬೆಳಗ್ಗೆ ತಿಂಡಿಯ ತಟ್ಟೆಯನ್ನು ಮುಟ್ಟದೆ ಕೇಳಿದ್ದ: "ಅಕ್ಕಾ, ಗೊತ್ತಿಲ್ಲದೆ ಮಾಡಿದ್ದಕ್ಕೂ ಜೈಲಾಗುತ್ತಾ?"



ಬಾಗಿಲಲ್ಲಿ ಹೆಜ್ಜೆ ಸದ್ದಾಯಿತು. ಹನಿ ಮೇಷ್ಟ್ರು ಒಳಗೆ ಬಂದರು. ಮುಖ್ಯಸ್ಥರಿಗೆ ವಿದ್ಯಾರ್ಥಿಗಳು ಇಟ್ಟ ಹೆಸರು ಅದು. ಬ್ಯುರೆಟ್ಟಿನ ನಲ್ಲಿ ತಿರುವುತ್ತ ಕೂತರೆ ಬಣ್ಣ ಬದಲಾಗುವ ಆ ಒಂದೇ ಹನಿಗೆ ಸರಿಯಾಗಿ ನಿಲ್ಲಿಸುವವರು. ಒಂದು ಹನಿ ಹೆಚ್ಚಿಲ್ಲ, ಒಂದು ಹನಿ ಕಮ್ಮಿಯಿಲ್ಲ. ಮೂವತ್ತು ವರ್ಷದಿಂದ ಅವರ ಇಸ್ತ್ರಿ ಅಂಗಿಯ ಮೇಲೆ ಒಂದು ಕಲೆ ಬಿದ್ದದ್ದನ್ನು ಯಾರೂ ನೋಡಿರಲಿಲ್ಲ.

"ಬನ್ನಿ ಸರ್," ಇನ್ಸ್‌ಪೆಕ್ಟರಮ್ಮ ಎದ್ದರು. "ಮೊದಲನೇ ಸೀಸೆಯ ವರದಿ ಬರೋದಕ್ಕೆ ಇನ್ನೂ ಹತ್ತು ದಿನ ಅಂತಾರೆ. ಇದರಲ್ಲೂ ಅರ್ಧ ಸೀಲು ಮಾಡಿ ಕಳಿಸ್ತೀನಿ. ಆದ್ರೆ ಹತ್ತು ದಿನ ಕಾಯೋ ಜೀವ ಅಲ್ಲ ನಂದು. ಉಳಿದ ಅರ್ಧದಲ್ಲಿ ಏನಿದೆ, ಎಷ್ಟಿದೆ, ನನ್ನ ಕಣ್ಣೆದುರು ನೋಡಿ ಹೇಳ್ತೀರಾ? ನಾನು ಕೆಮಿಸ್ಟ್ರಿಲಿ ಎರಡು ಸಲ ಡುಮ್ಕಿ ಹೊಡೆದೋಳು. ನಿಧಾನವಾಗಿ ಹೇಳ್ಬೇಕು."

ಮೇಷ್ಟ್ರು ನಕ್ಕರು. "ಈಗೀಗ ಕೈ ನಡುಗುತ್ತೆ ಮೇಡಂ. ಅವಳೇ ಮಾಡ್ಲಿ. ನಾನು ಪಕ್ಕದಲ್ಲಿ ನಿಂತು ನೋಡ್ತೀನಿ."

ಲ್ಯಾಬಕ್ಕ ಕೈಗವಸು ಹಾಕಿ, ದಪ್ಪ ಕನ್ನಡಕ ಏರಿಸಿದಳು. ಬಟ್ಟೆಯನ್ನು ಬಿಸಿನೀರಲ್ಲಿ ಅದ್ದಿ ಸೀಸೆಯ ಕತ್ತಿಗೆ ಸುತ್ತಿದಳು. ಮರದ ಅಳತೆಪಟ್ಟಿಯಿಂದ ಬಿರಡೆಯ ತಲೆಗೆ ಎಡಕ್ಕೊಂದು, ಬಲಕ್ಕೊಂದು ಮೆಲ್ಲಗೆ ಬಡಿದಳು. ಐದು ನಿಮಿಷದ ಮೇಲೆ 'ಟಿಕ್' ಎಂದಿತು. ಬಿರಡೆಯ ಸುತ್ತ ಬಿಳಿಯ ಪೊರೆ ಕಟ್ಟಿತ್ತು.

ಕೆಂಪು ಲಿಟ್ಮಸ್ ಕಾಗದದ ಮೇಲೆ ಒಂದು ಹನಿ ಇಟ್ಟಳು. ನೋಡುತ್ತಿದ್ದಂತೆ ನೀಲಿ ಹರಡಿತು.

"ಅಂದ್ರೆ?"

"ಆಸಿಡ್ ಅಲ್ಲ ಮೇಡಂ. ಕ್ಷಾರ. ಕಾಸ್ಟಿಕ್ ಸೋಡಾನೇ ಇರ್ಬೇಕು."

"ಧೂಳಲ್ಲ ಅಂತಾಯ್ತು," ಇನ್ಸ್‌ಪೆಕ್ಟರಮ್ಮ ಅವಳ ಮುಖವನ್ನೇ ನೋಡಿದರು. "ಗಾಜಿನ ಬಿರಡೆ ಅದಕ್ಕೇ ಕಚ್ಚಿಕೊಂಡಿತ್ತು ಅಲ್ವಾ? ಬೆಳಗ್ಗೆ ಇದು ಸಿಕ್ಕಿದ ಮೇಲೆ ಗೂಗಲ್ ಮಾಡಿದ್ದೆ. ನೀವೇ ಹೇಳ್ತೀರೇನೋ ಅಂತ ಕಾದೆ."

ಲ್ಯಾಬಕ್ಕ ತಲೆಯೆತ್ತದೆ ಕೆಲಸಕ್ಕೆ ಕೈ ಹಾಕಿದಳು. ಕೈಗಾದರೂ ಕೆಲಸ ಗೊತ್ತಿತ್ತು.

ಜೋರಾದ ದ್ರಾವಣವನ್ನು ಹಾಗೇ ಅಳೆಯಲಾಗುವುದಿಲ್ಲ. ರಬ್ಬರ್ ಬಲ್ಬು ಸಿಕ್ಕಿಸಿದ ಪಿಪೆಟ್ಟಿನಿಂದ ಹತ್ತು ಮಿಲಿಲೀಟರ್ ಎಳೆದು, ನೂರರ ಫ್ಲಾಸ್ಕಿಗೆ ಬಿಟ್ಟು, ಕತ್ತಿನ ಗೆರೆಯವರೆಗೆ ನೀರು ತುಂಬಿದಳು. ಕೊನೆಯ ಹನಿಗಳನ್ನು ಹಾಕುವಾಗ ಮೊಣಕಾಲು ಬಗ್ಗಿಸಿ ಕಣ್ಣನ್ನು ಗೆರೆಯ ಮಟ್ಟಕ್ಕೆ ತಂದಳು. ನೀರಿನ ಮೇಲ್ಮೈ ದೋಣಿಯ ಹಾಗೆ ಬಾಗಿರುತ್ತದೆ. ಆ ದೋಣಿಯ ಅಡಿ ಗೆರೆಯನ್ನು ಮುಟ್ಟಿದಾಗ ನಿಲ್ಲಿಸಿದಳು. ಅದರಲ್ಲಿ ಇಪ್ಪತ್ತು ಮಿಲಿಲೀಟರನ್ನು ಬೇರೆ ಫ್ಲಾಸ್ಕಿಗೆ ತೆಗೆದು ಸೂಚಕದ ಎರಡು ಹನಿ ಬಿಟ್ಟಾಗ ಇಡೀ ಫ್ಲಾಸ್ಕು ಗಾಢ ಗುಲಾಬಿಯಾಯಿತು.

"ಇನ್ನು ಮೇಲಿನಿಂದ ಆಸಿಡ್ ಬಿಡ್ತಾ ಹೋಗ್ತೀನಿ ಮೇಡಂ. ಇದರ ಬಣ್ಣ ಪೂರ್ತಿ ಹೋದಾಗ ನಿಲ್ಲಿಸೋದು. ಎಷ್ಟು ಆಸಿಡ್ ಹಿಡೀತು ಅನ್ನೋದರ ಮೇಲೆ ಇದರಲ್ಲಿ ಎಷ್ಟು ಸೋಡಾ ಇದೆ ಅಂತ ಲೆಕ್ಕ."

ಬಿಳಿ ಟೈಲಿನ ಮೇಲೆ ಫ್ಲಾಸ್ಕನ್ನು ಆಡಿಸುತ್ತ ಬ್ಯುರೆಟ್ಟಿನ ನಲ್ಲಿ ತಿರುವಿದಳು. ಗುಲಾಬಿ ತೆಳುವಾಯಿತು. ಇನ್ನಷ್ಟು ತೆಳುವಾಯಿತು. ಒಂದು ಹನಿ. ಬಣ್ಣ ಹೋಯಿತು. ಫ್ಲಾಸ್ಕಿನಲ್ಲಿ ಕುಡಿಯುವ ನೀರಿನಂಥ ನೀರು. ಅವಳು ನಲ್ಲಿ ಮುಚ್ಚಿದಳು.

ಪಕ್ಕದಲ್ಲಿ ಬಗ್ಗಿ ನೋಡುತ್ತಿದ್ದ ಮೇಷ್ಟ್ರು, "ಇನ್ನೂ ಇದೆಯಮ್ಮ. ಇನ್ನೊಂದು ಹನಿ ಬಿಡು," ಅಂದರು.

ಲ್ಯಾಬಕ್ಕ ತಲೆಯೆತ್ತಿದಳು.

ಮೇಷ್ಟ್ರ ಕಣ್ಣು ಫ್ಲಾಸ್ಕಿನ ಮೇಲಿರಲಿಲ್ಲ. ಅದರಿಂದ ಒಂದು ಗೇಣು ಆಚೆ, ಖಾಲಿ ಟೈಲಿನ ಮೇಲಿತ್ತು.

ಆದರೂ, "ಆಯ್ತು ಸರ್," ಎಂದು ನಲ್ಲಿಯನ್ನು ಸುಮ್ಮನೆ ಮುಟ್ಟಿ ಬಿಟ್ಟಳು. ಹನಿ ಬೀಳಲಿಲ್ಲ. ಮೇಷ್ಟ್ರು, "ಹಾಂ, ಈಗ ಸರಿ," ಅಂದರು.

ಇನ್ಸ್‌ಪೆಕ್ಟರಮ್ಮನಿಗೆ ಇದೊಂದೂ ತಿಳಿಯಲಿಲ್ಲ. ಅವರು ಸೀನುತ್ತಿದ್ದರು.

ಮೂರು ಸಲ ಮಾಡಿದಾಗಲೂ ಒಂದೇ ಅಂಕಿ ಬಂತು. ಮೂವತ್ತೊಂದೂವರೆ ಮಿಲಿಲೀಟರ್ ಆಸಿಡ್. ಲ್ಯಾಬಕ್ಕ ಕಾಗದದ ಮೇಲೆ ಲೆಕ್ಕ ಹಾಕಿದಳು. ಹಾಕಿ ಮುಗಿಸಿ ಇನ್ನೊಮ್ಮೆ ಹಾಕಿದಳು.

"ಲೀಟರಿಗೆ ಅರವತ್ತಮೂರು ಗ್ರಾಂ ಮೇಡಂ. ತುಂಬ ಜೋರು. ವಿದ್ಯಾರ್ಥಿಗಳಿಗೆ ಕೊಡೋದು ಲೀಟರಿಗೆ ನಾಲ್ಕು ಗ್ರಾಮಿನದು."

"ಅರವತ್ತಮೂರು," ಇನ್ಸ್‌ಪೆಕ್ಟರಮ್ಮ ಬರೆದು ಎರಡು ಗೆರೆ ಎಳೆದರು.

ಅಷ್ಟರಲ್ಲಿ ಅವರ ಫೋನು ಹೊಡೆದುಕೊಂಡಿತು. ಅರ್ಧ ನಿಮಿಷ ಕೇಳಿ ಟೋಪಿ ಎತ್ತಿಕೊಂಡರು. "ಹುಡುಗಿಗೆ ಎಚ್ಚರ ಆಗಿದೆಯಂತೆ. ಮಾತಾಡಕ್ಕಾಗಲ್ಲ, ಆದ್ರೆ ಕಾಗದ ಪೆನ್ನು ಕೇಳ್ತಿದ್ದಾಳಂತೆ. ಮೂರು ಗಂಟೆಗೆ ವಾಪಸ್ ಬರ್ತೀನಿ. ಅಲ್ಲಿವರೆಗೂ ಯಾರೂ ಗೇಟು ದಾಟಬಾರದು. ಕಾನ್‌ಸ್ಟೇಬಲ್ ಇರ್ತಾನೆ."

ಸೀಸೆಯನ್ನು ಎತ್ತಿಕೊಂಡು ಹೊರಟರು. ಅವರ ಹಿಂದೆಯೇ ಮೇಷ್ಟ್ರೂ ಮೇಜಿನ ಅಂಚು ಸವರುತ್ತ ತಕ್ಕಡಿ ಕೋಣೆಯ ಕಡೆ ನಡೆದರು. ಅವರು ಹಾಗೆ ಮೇಜು ಸವರುತ್ತ ನಡೆಯುವುದನ್ನು ಎಷ್ಟು ತಿಂಗಳಿಂದ ನೋಡುತ್ತಿದ್ದೇನೆ ಅಂತ ಲ್ಯಾಬಕ್ಕನಿಗೆ ನೆನಪಾಗಲಿಲ್ಲ.

"ಅಕ್ಕಾ."

ತಮ್ಮ ಸಿಂಕಿಗೆ ಬೆನ್ನು ಕೊಟ್ಟು ನಿಂತಿದ್ದ. ತೋಳಿನಿಂದ ನೀರು ತೊಟ್ಟಿಕ್ಕುತ್ತಿತ್ತು.

"ಅವತ್ತು ಏಳನೇ ಮೇಜಿನ ಮೇಲೆ ಆ ಸೀಸೆ ಇಟ್ಟಿದ್ದು ನಾನೇ ಅಕ್ಕಾ."

ಅವಳು ಒಂದು ಹೆಜ್ಜೆ ಹತ್ತಿರ ಬಂದಳು. "ಏನೋ ಹೇಳ್ತಿದ್ದೀಯ?"

"ಪ್ರಾಕ್ಟಿಕಲ್ ಶುರು ಆಗೋಕೆ ಹತ್ತು ನಿಮಿಷ ಇತ್ತು. ಹದಿನೆಂಟು ಮೇಜಿಗೆ ಹದಿನೇಳೇ ಸೀಸೆ. ಏಳನೇ ಮೇಜು ಖಾಲಿ. ನೀನು ಆಫೀಸಿಗೆ ಹೋಗಿದ್ದೆ. ಮೇಷ್ಟ್ರನ್ನ ಕೇಳ್ದೆ. ನನ್ನ ಕಪಾಟಲ್ಲಿ ಒಂದಿದೆ, ತಗೊಂಡು ಇಡು ಅಂದ್ರು. ಲೇಬಲ್ ನಿಂದೇ ಇತ್ತು. ಬಿರಡೆ ಸ್ವಲ್ಪ ಬಿಗಿ ಇತ್ತು, ತಿರುವಿ ತೆಗೆದೆ. ಅಷ್ಟೇ ಅಕ್ಕಾ, ಅಷ್ಟೇ ನಾನು ಮಾಡಿದ್ದು."

"ಬಿಗಿ ಇತ್ತು ಅಂದಾಗಲೂ ನಿನಗೆ ಹೊಳೀಲಿಲ್ವೇನೋ?"

"ಗಡಿಬಿಡೀಲಿದ್ದೆ. ಆ ಹುಡುಗಿಯ ಪಿಪೆಟ್ಟಿನ ರಬ್ಬರ್ ಬಲ್ಬು ಹರಿದಿತ್ತು, ಬೇರೆ ತರ್ತೀನಿ ನಿಲ್ಲು ಅಂದೆ. ಅಷ್ಟರಲ್ಲಿ ಬಾಯಿ ಇಟ್ಟುಬಿಟ್ಟಿದ್ಲು." ಅವನ ದನಿ ಒಡೆಯಿತು. "ಆ ಸದ್ದು ಇನ್ನೂ ಕಿವೀಲಿದೆ ಅಕ್ಕಾ."

"ನಾಲ್ಕು ದಿನ ಬಾಯಿ ಮುಚ್ಚಿಕೊಂಡಿದ್ಯಲ್ಲೋ. ಮೊದಲೇ ಯಾಕೆ ಹೇಳ್ಲಿಲ್ಲ?"

"ಏನಂತ ಹೇಳ್ಲಿ? ಲೇಬಲ್ ನಿಂದು. ನೀನೇ ಎಲ್ಲೋ ಎಡವಟ್ಟು ಮಾಡಿದ್ದೀಯ ಅಂದ್ಕೊಂಡೆ. ನಾನು ಬಾಯಿಬಿಟ್ರೆ ನಿನ್ನನ್ನ ಕರ್ಕೊಂಡು ಹೋಗ್ತಾರೆ ಅಂತ…"

ಲ್ಯಾಬಕ್ಕನಿಗೆ ಅಳು ಬಂತೋ ನಗು ಬಂತೋ ಗೊತ್ತಾಗಲಿಲ್ಲ. ನಾಲ್ಕು ದಿನದಿಂದ ಒಂದೇ ಸೂರಿನಡಿ ಅವನು ಅವಳಿಗಾಗಿ ಹೆದರಿ, ಅವಳು ಅವನಿಗಾಗಿ ಹೆದರಿ, ಇಬ್ಬರೂ ತಟ್ಟೆಯ ಮುಂದೆ ತಲೆ ತಗ್ಗಿಸಿ ಕೂತಿದ್ದರು. ಅವನ ಒದ್ದೆ ತೋಳನ್ನು ಹಿಡಿದು ಸ್ಟೂಲಿನ ಮೇಲೆ ಕೂರಿಸಿದಳು.

"ಲೇಬಲ್ಲು ನಾನು ಒಂದೇ ಸಲ ನೂರು ಬರೆದು ಡ್ರಾಯರಿನಲ್ಲಿ ಹಾಕಿಡ್ತೀನಿ ಕಣೋ. ಯಾರು ಬೇಕಾದ್ರೂ ಅಂಟಿಸಬಹುದು. ಇಲ್ಲೇ ಕೂತಿರು. ಯಾರ ಹತ್ರಾನೂ ಮಾತಾಡಬೇಡ."

ಈಗ ಅವಳ ತಲೆಯಲ್ಲಿ ಒಂದೇ ಅಂಕಿ ಸುತ್ತುತ್ತಿತ್ತು. ಅರವತ್ತಮೂರು.

ಕಾಸ್ಟಿಕ್ ಸೋಡಾದ ಜೋರು ದ್ರಾವಣ ಮಾಡುವವರು ಲೀಟರಿಗೆ ನಲವತ್ತು ಗ್ರಾಂ ತೂಗುತ್ತಾರೆ. ಆಮೇಲೆ ಅದನ್ನು ಹತ್ತು ಪಟ್ಟು ತೆಳುಮಾಡಿ ಮೇಜಿಗೆ ಇಡುವುದು. ಅರವತ್ತಮೂರು ಯಾರೂ ತೂಗುವುದಿಲ್ಲ. ಅರವತ್ತಮೂರು ತೂಗುವುದು ಆಕ್ಸಾಲಿಕ್ ಆಸಿಡ್ಡನ್ನು. ಮೊದಲ ವರ್ಷದ ಮಕ್ಕಳಿಗೂ ಬಾಯಿಪಾಠ ಇರುವ ಅಂಕಿ ಅದು.

ಅಂದರೆ ತೂಗಿದವರು ತಾವು ಆಕ್ಸಾಲಿಕ್ ಆಸಿಡ್ ತೂಗುತ್ತಿದ್ದೇವೆ ಅಂತಲೇ ತಿಳಿದಿದ್ದರು. ಆಸಿಡ್ಡೇ ಅಂತ ತಿಳಿದು ಆಸಿಡ್ಡಿನ ಲೇಬಲ್ ಅಂಟಿಸಿದರು. ಆಸಿಡ್ಡೇ ಅಂತ ತಿಳಿದು ಗಾಜಿನ ಬಿರಡೆ ಹಾಕಿದರು. ಒಂದು ಲೀಟರು ಮಾಡಿ ಎರಡು ಅರ್ಧ ಲೀಟರಿನ ಸೀಸೆಗೆ ತುಂಬಿದರು. ವಿಷ ಹಾಕಲು ಹೊರಟವರಾದರೆ ಇಷ್ಟು ಅಚ್ಚುಕಟ್ಟಾಗಿ ತಪ್ಪು ಪುಡಿ ತೂಗಿರಲಿಕ್ಕಿಲ್ಲ. ಎರಡೂ ಪುಡಿ ಬಿಳಿ. ಎರಡರ ಡಬ್ಬಿಯೂ ಸ್ಟೋರಿನಲ್ಲಿ ಅಕ್ಕಪಕ್ಕ.

ಕಣ್ಣು ಕಾಣದವರು ಮಾತ್ರ ಅದನ್ನು ಇದೆಂದುಕೊಳ್ಳಬಹುದು.

ಹತ್ತು ದಿನದ ಹಿಂದೆ ಅವಳು ಹಲ್ಲು ಕೀಳಿಸಿಕೊಂಡು ಎರಡು ದಿನ ರಜೆ ಹಾಕಿದ್ದಳು. ಕೆನ್ನೆ ಊದಿಸಿಕೊಂಡು ವಾಪಸ್ಸು ಬಂದಾಗ ಮೇಷ್ಟ್ರು, 'ನೀನಿಲ್ಲ ಅಂತ ಆಸಿಡ್ ನಾನೇ ಮಾಡಿಟ್ಟೆನಮ್ಮ' ಅಂದಿದ್ದರು. ಅವಳು ಅದನ್ನು ಮರೆತೇಬಿಟ್ಟಿದ್ದಳು.

ಪಾಪ, ಅನ್ನಿಸಿತು. ಅಷ್ಟು ಹೆದರಿಕೆಯ ನಡುವೆಯೂ ಅವಳ ಮನಸ್ಸಿಗೆ ಮೊದಲು ಬಂದ ಮಾತು ಅದೇ.

ತಕ್ಕಡಿ ಕೋಣೆ ಕಾರಿಡಾರಿನ ತುದಿಯಲ್ಲಿತ್ತು. ಗಾಳಿ ಸುಳಿಯಬಾರದೆಂದು ಕಿಟಕಿಗೆ ಮೊಳೆ ಹೊಡೆದು, ದಪ್ಪ ಬಾಗಿಲು ಇಟ್ಟ ಇಕ್ಕಟ್ಟಿನ ಕೋಣೆ. ಇವತ್ತು ತರಗತಿಗಳಿರಲಿಲ್ಲ. ಕಾರಿಡಾರಿನುದ್ದಕ್ಕೂ ಅವಳ ಚಪ್ಪಲಿಯ ಸದ್ದು ಬಿಟ್ಟರೆ ಬೇರೇನೂ ಇಲ್ಲ.

"ಬಾಮ್ಮ. ಬಾಗಿಲು ಹಾಕ್ಕೋ," ಅಂದರು ಮೇಷ್ಟ್ರು, ಎಂದಿನ ಹಾಗೆ. ತಕ್ಕಡಿಯ ಗಾಜಿನ ಪೆಟ್ಟಿಗೆಯ ಮುಂದೆ ಕೈ ಕಟ್ಟಿ ಕೂತಿದ್ದರು.

ಅವಳು ಬಾಗಿಲು ಹಾಕಿ ಅದಕ್ಕೇ ಒರಗಿ ನಿಂತಳು. ಹತ್ತೊಂಬತ್ತು ವರ್ಷ ತಾನು ಮರ್ಯಾದೆ ಕೊಟ್ಟವರನ್ನು ಈಗ ಈ ಮಾತು ಕೇಳಬೇಕಿತ್ತು.

"ಸರ್, ಒಂದು ಮಾತು ಕೇಳ್ತೀನಿ. ಬೇಜಾರು ಮಾಡ್ಕೋಬೇಡಿ."

"ಕೇಳು."

"ನಿಮಗೆ ಕಣ್ಣು ಕಾಣ್ತಿಲ್ಲ ಅಲ್ವಾ?"

ಮೇಷ್ಟ್ರು ಕನ್ನಡಕ ತೆಗೆದು ಮಡಚಿ ಮೇಜಿನ ಮೇಲಿಟ್ಟರು.

"ಯಾವಾಗ ಗೊತ್ತಾಯ್ತು?"

"ಬೆಳಗ್ಗೆ. ಬಣ್ಣ ಹೋದಮೇಲೂ ಇನ್ನೊಂದು ಹನಿ ಅಂದ್ರಲ್ಲ."

"ನಿನ್ನ ಕಣ್ಣಿಗೆ ಬೀಳದೆ ಇರಲ್ಲ ಅಂತ ನನಗೆ ಗೊತ್ತಿತ್ತು." ಅವರ ದನಿ ಸಣ್ಣಗಿತ್ತು. "ಒಂದು ವರ್ಷ ಆಯ್ತಮ್ಮ. ಮೊದಲು ಅಕ್ಷರ ಹೋಯ್ತು. ಆಮೇಲೆ ಬಣ್ಣ. ಈಗ ನೀನು ಅಲ್ಲಿ ನಿಂತಿದ್ದೀಯ, ದನಿ ಕೇಳುತ್ತೆ. ಮುಖ ಇರಬೇಕಾದ ಕಡೆ ಬರೀ ಬಿಳಿ ಮಬ್ಬು. ನಿವೃತ್ತಿಗೆ ಎರಡೇ ವರ್ಷ ಇದೆ. ಯಾರಿಗೆ ಹೇಳ್ಲಿ? ಹೆಂಡತಿಗೂ ಹೇಳಿಲ್ಲ."

"ಆ ಆಸಿಡ್ಡು…"

"ನಾನೇ ಮಾಡಿದ್ದು. ನೀನು ರಜೆ ಹಾಕಿದ್ದಾಗ. ಡಬ್ಬಿ ಎಣಿಸಿಕೊಂಡು ತೆಗೀತೀನಿ ನಾನು. ಎಡದಿಂದ ಮೂರನೇದು ಆಕ್ಸಾಲಿಕ್. ಯಾರೋ ಜಾಗ ಬದಲಾಯಿಸಿದ್ರೋ, ನಾನೇ ಎಣಿಕೆ ತಪ್ಪಿದೆನೋ. ಅದು ಬೇಗ ಕರಗಲ್ಲ ಅಂತ ಬಿಸಿನೀರಲ್ಲೇ ಹಾಕಿದೆ. ಸೋಡಾ ಕರಗುವಾಗ ತಾನೇ ಬಿಸಿ ಆಗುತ್ತಲ್ಲ, ಅದೂ ಗೊತ್ತಾಗಲಿಲ್ಲ." ಅವರು ಮುಖ ಮುಚ್ಚಿಕೊಂಡರು. "ನನ್ನ ಕೈಯಿಂದ ಒಂದು ಮಗು ಗಂಟಲು ಸುಟ್ಟುಕೊಳ್ತು."

ಲ್ಯಾಬಕ್ಕನ ಎದೆಯ ಮೇಲಿಂದ ಯಾರೋ ಕಲ್ಲು ಇಳಿಸಿದಂತಾಯಿತು. ತಮ್ಮ ಉಳಿದ. ಅವಳೂ ಉಳಿದಳು. ಇಲ್ಲಿ ವಿಷ ಹಾಕಿದವರು ಯಾರೂ ಇಲ್ಲ. ಇರುವುದು ಕಣ್ಣು ಹೋದ ಒಬ್ಬ ಹಿರಿಯ ಜೀವ. ಅವಳ ಕಣ್ಣು ಒದ್ದೆಯಾಯಿತು.

"ಅಳಬೇಡಿ ಸರ್. ಮೇಡಂ ಬರ್ಲಿ, ನಾನೂ ನಿಮ್ಮ ಜೊತೆಗೆ ಕೂತ್ಕೋತೀನಿ. ಬೇಕು ಅಂತ ಮಾಡಿದ್ದಲ್ಲ ಅಂತ ಆ ಅರವತ್ತಮೂರೇ ಹೇಳುತ್ತೆ. ಗಾಜಿನ ಬಿರಡೆನೂ ಅದನ್ನೇ ಹೇಳುತ್ತೆ."

"ನಿನಗೆ ಹೊಳೀತಾ ಅದು?" ಮೇಷ್ಟ್ರು ಕೈ ಇಳಿಸಿದರು. "ಹೊಳೆಯುತ್ತೆ ಅಂದ್ಕೊಂಡಿದ್ದೆ. ನೀನು ಹೇಳಿದ್ರೆ ಅವರು ನಂಬ್ತಾರಮ್ಮ. ನಾನು ಹೇಳಿದ್ರೆ ತಪ್ಪಿಸಿಕೊಳ್ಳೋಕೆ ಹೇಳ್ತಿದ್ದೀನಿ ಅಂತಾರೆ."

"ಮೊದಲಿಂದ ಜೋಡಿಸಿ ಹೇಳ್ಬೇಕು ಸರ್. ಅವರು ಒಂದೊಂದೇ ಎಳೆದು ಕೇಳ್ತಾರೆ." ಅವಳು ಬೆರಳು ಮಡಚಿದಳು. "ನೀವು ತೂಗಿದ್ರಿ. ಕರಗಿಸಿದ್ರಿ. ಎರಡು ಸೀಸೆಗೆ ತುಂಬಿದ್ರಿ. ಒಂದು ನಿಮ್ಮ ಕಪಾಟಿಗೆ, ಇನ್ನೊಂದು ಸ್ಟೋರಿಗೆ. ಪ್ರಾಕ್ಟಿಕಲ್ ದಿನ ತಮ್ಮ ಬಂದು ಒಂದು ಸೀಸೆ ಕಮ್ಮಿ ಇದೆ ಅಂದ. ನೀವು ಕಪಾಟಿಂದ…"

ಮಡಚಿದ ಬೆರಳು ಅಲ್ಲೇ ನಿಂತಿತು.

ಒಂದು ಸೀಸೆ ಕಮ್ಮಿ.

ತಮ್ಮ ಹೇಳಿದಾಗ ಆ ಗಾಬರಿಯಲ್ಲಿ ಈ ಮಾತು ಕಿವಿಯ ಪಕ್ಕದಿಂದ ಹಾದುಹೋಗಿತ್ತು. ಹದಿನೆಂಟು ಮೇಜಿಗೆ ಹದಿನೇಳು ಸೀಸೆ. ಆದರೆ ಹಿಂದಿನ ಸಂಜೆ ಹದಿನೆಂಟನ್ನೂ ತುಂಬಿ ಮೇಜುಗಳ ಮೇಲೆ ಇಟ್ಟವಳು ಅವಳೇ. ತುಂಬಿ, ಒರೆಸಿ, ಒಂದೊಂದನ್ನೂ ಮುಟ್ಟಿ ಎರಡು ಸಲ ಎಣಿಸದೆ ಅವಳು ಯಾವತ್ತೂ ಲ್ಯಾಬಿಗೆ ಬೀಗ ಹಾಕಿದ್ದಿಲ್ಲ.

"ಸರ್," ಅವಳ ದನಿ ಅವಳಿಗೇ ಬೇರೆಯವರ ದನಿಯಂತೆ ಕೇಳಿಸಿತು, "ಒಂದು ಹೇಗೆ ಕಮ್ಮಿ ಆಯ್ತು?"

"ನೀನೇ ಕಮ್ಮಿ ತುಂಬಿರ್ಬೇಕು."

"ಇಲ್ಲ ಸರ್. ಹದಿನೆಂಟು ಅಂತ ರಿಜಿಸ್ಟರಿನಲ್ಲಿ ಬರೆದಿದ್ದೀನಿ. ನೀವೇ ಎಣಿಸಿ ಸಹಿ ಮಾಡಿದ್ರಿ."

ಮೇಷ್ಟ್ರು ಮಡಚಿಟ್ಟ ಕನ್ನಡಕವನ್ನು ಬೆರಳ ತುದಿಯಿಂದ ನೇರ ಮಾಡಿದರು.

ಕೋಣೆಯಲ್ಲಿ ತಕ್ಕಡಿಯ ಯಂತ್ರದ ಸಣ್ಣ ಗುಂಯ್ ಸದ್ದು ಮಾತ್ರ ಉಳಿಯಿತು. ಯಾರೋ ಒಂದು ಸೀಸೆ ತೆಗೆದಿದ್ದರು. ಹದಿನೆಂಟರಲ್ಲಿ ಯಾವುದೋ ಒಂದಲ್ಲ, ಏಳನೇದು. ಆ ಹುಡುಗಿಯದು. ಅಲ್ಲಿ ಜಾಗ ಖಾಲಿಯಾಗದೆ ಕಪಾಟಿನ ಸೀಸೆಗೆ ಮೇಜಿಗೆ ಬರುವ ದಾರಿಯೇ ಇರಲಿಲ್ಲ. ಕೈತಪ್ಪಿನಿಂದ ಆಗುವ ಕೆಲಸ ಅದಲ್ಲ.

ಹಾಗಾದರೆ ಅರವತ್ತಮೂರು? ಗಾಜಿನ ಬಿರಡೆ? ಇದು ಬರೀ ತಪ್ಪು ಅಂತ ಬೊಟ್ಟು ಮಾಡಿ ತೋರಿಸುವ ಅಷ್ಟೂ ಗುರುತುಗಳು? ತಪ್ಪು ನೋಡಲು ಹೇಗಿರುತ್ತದೆ ಅನ್ನುವುದು ಯಾರಿಗೆ ಚೆನ್ನಾಗಿ ಗೊತ್ತಿರುತ್ತದೆ? ವಿದ್ಯಾರ್ಥಿಗಳು ಎಲ್ಲಿ ತಪ್ಪು ಡಬ್ಬಿ ತೆಗೆಯುತ್ತಾರೆ, ಎಲ್ಲಿ ತಪ್ಪು ಅಂಕಿ ಹಿಡಿಯುತ್ತಾರೆ ಅನ್ನುವುದನ್ನು ಮೂವತ್ತು ವರ್ಷ ಬೋರ್ಡಿನ ಮೇಲೆ ಬರೆದು ತಿದ್ದಿದವರಿಗೆ.

ನೀನು ಹೇಳಿದ್ರೆ ಅವರು ನಂಬ್ತಾರಮ್ಮ.

ಆ ಹುಡುಗಿ ಇವರಿಗೆ ಏನು ಮಾಡಿದ್ದಳು? ಏನು ಕಂಡಿದ್ದಳು? ಮೂರು ಗಂಟೆಗೆ ಇನ್ನೂ ಎಷ್ಟು ಹೊತ್ತಿದೆ? ಕಿರುಚಿದರೆ ಗೇಟಿನ ಕಾನ್‌ಸ್ಟೇಬಲ್‌ಗೆ ಕೇಳಿಸುತ್ತದೆಯೇ?

ಮೇಷ್ಟ್ರು ಎದ್ದು ನಿಂತಿದ್ದರು. ಕನ್ನಡಕವಿಲ್ಲದ ಕಣ್ಣು ಅವಳಿದ್ದ ಕಡೆಗೆ ಖಾಲಿಯಾಗಿ ತಿರುಗಿತ್ತು.

ಕಾಣುವುದಿಲ್ಲ, ಕಾಣುವುದಿಲ್ಲ ಅಂತ ಅವಳು ತನಗೆ ತಾನೇ ಹೇಳಿಕೊಂಡಳು. ಉಸಿರು ಬಿಗಿಹಿಡಿದಳು. ಬಳೆ ಸದ್ದಾಗದಂತೆ ಕೈಯನ್ನು ಸೀರೆಗೆ ಒತ್ತಿಕೊಂಡಳು. ಕಾಲು ಕೀಳಲಿಲ್ಲ, ಕತ್ತು ಅಲ್ಲಾಡಿಸಲಿಲ್ಲ. ಬೆನ್ನ ಹಿಂದಿನ ಬಾಗಿಲಿನ ಚಿಲಕ ಎಲ್ಲಿದೆಯೆಂದು ನೋಡಲು ಕಣ್ಣಾಲಿಯನ್ನು ಮಾತ್ರ, ಒಂದಿಷ್ಟೇ, ಓರೆಯಾಗಿ ಹೊರಳಿಸಿದಳು.

"ಬಾಗಿಲ ಕಡೆ ಯಾಕಮ್ಮ ನೋಡ್ತೀಯ?" ಅಂದರು ಮೇಷ್ಟ್ರು.